ನಮ್ಮ ಹಿತ್ತಿಲಲ್ಲಿ ಮೊಸಳೆ. ಇದಕ್ಕೆ ಯಾರು ಜವಾಬ್ದಾರಿ?

ಮೂಲೆ ಮನೆ ಅಕ್ಕ, ರಾತ್ರಿ 2:52
ಯಾರಾದರೂ ಎದ್ದಿದ್ದೀರಾ? ನಮ್ಮ ಹಿತ್ತಿಲಲ್ಲಿ ಮೊಸಳೆ ಇದೆ. ಹಲ್ಲಿ ಅಲ್ಲ, ಉಡ ಅಲ್ಲ, ಮೊಸಳೆ. ನಳ ಬಂತೆಂದು ಎರಡು ಗಂಟೆಗೆ ಎದ್ದೆ. ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕು ಹಿಡಿದು ಕೊಡ ಇಡಲು ಹೋದರೆ ತೊಟ್ಟಿಯ ಪಕ್ಕ ಎರಡು ಕಣ್ಣು ಕೆಂಡದ ಹಾಗೆ ಹೊಳೆಯುತ್ತಿವೆ. ಬೆಕ್ಕು ಅಂದುಕೊಂಡು ಹುಶ್ ಎಂದೆ, ಬಾಯಿ ತೆಗೆದು ಬುಸ್ ಎಂದಿತು. ನನ್ನ ಮಗ ಹಿಂದೆಯೇ ಎದ್ದು ಬಂದು ಮುಟ್ಟಲು ಕೈ ಚಾಚಿದ್ದ. ಐದು ವರ್ಷದ ಹುಡುಗ ರೀ. ಒಂದು ಗೇಣು ಅಂತರ ಇತ್ತು ಅಷ್ಟೇ. ರೊಟ್ಟಿ ಬುಟ್ಟಿ ಕವುಚಿ ಹಾಕಿ ಮೇಲೆ ರುಬ್ಬುವ ಗುಂಡು ಇಟ್ಟಿದ್ದೇನೆ. ಒಳಗಿಂದ ಪರಪರ ಕೆರೆಯುತ್ತಿದೆ. ಯಾರದ್ದು ಅಂತ ಎಲ್ಲರಿಗೂ ಗೊತ್ತು. ಫೋನ್ ಎತ್ತುತ್ತಿಲ್ಲ. ನಾಯಿ ವಿಷಯದಲ್ಲಿ ಸುಮ್ಮನಿದ್ದೆ, ಸೌಂಡ್ ಬಾಕ್ಸ್ ವಿಷಯದಲ್ಲೂ ಸುಮ್ಮನಿದ್ದೆ. ಇದಕ್ಕೆ ಸುಮ್ಮನಿರುವುದಿಲ್ಲ.

ಕಿರಾಣಿ ಅಣ್ಣ, 5:41
ಶುಭೋದಯ 🌹 ನಗುತ್ತಾ ಬಾಳಿ, ನಗಿಸುತ್ತಾ ಬಾಳಿ.

ಕಿರಾಣಿ ಅಣ್ಣ, 5:44
ಅಯ್ಯೋ ಅಕ್ಕಾ, ಈಗ ಓದಿದೆ. ಮಗುವಿಗೆ ಏನೂ ಆಗಿಲ್ಲ ತಾನೇ?

ಬೇವಿನ ಮರದ ಮನೆ ಕಾಕಾ, 5:58
ನಾನು ಯುಗಾದಿಗೆ ಮುಂಚೆಯೇ ಹೇಳಿದ್ದೆ. ಯಾರೂ ಕೇಳಲಿಲ್ಲ. ಬಾಡಿಗೆಗೆ ಕೊಡುವಾಗ ಸಂಸಾರಸ್ಥರನ್ನು ನೋಡಿ ಕೊಡಿ ಅಂತ. ಮಾಲೀಕರು ಹುಬ್ಬಳ್ಳಿಯಲ್ಲಿ ಕೂತು ಬಾಡಿಗೆ ಎಣಿಸುತ್ತಾರೆ, ಅನುಭವಿಸುವವರು ನಾವು. ಹಳೇ ಬಾಗಲಕೋಟೆಯಲ್ಲಿ ಓಣಿ ಅಂದರೆ ಓಣಿ, ಯಾರ ಒಲೆ ಮೇಲೆ ಏನಿದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾಗಿ ನವನಗರಕ್ಕೆ ಬಂದ ಮೇಲೆ ಪಕ್ಕದ ಮನೆಯಲ್ಲಿ ಮೊಸಳೆ ಸಾಕಿದರೂ ಗೊತ್ತಾಗುವುದಿಲ್ಲ.

ಎದುರು ಸಾಲಿನ ಟೀಚರ್, 6:10
ಕಾಕಾ, ಅದು ಆಮೇಲೆ. ಮೊದಲು ಬುಟ್ಟಿ ಕೆಳಗಿರುವುದರ ವಿಚಾರ ಮಾಡೋಣ. ಅಕ್ಕಾ, ಬುಟ್ಟಿ ಎತ್ತಬೇಡಿ, ಯಾರಿಗೂ ಕೋಲಿನಿಂದ ತಿವಿಯಲು ಬಿಡಬೇಡಿ. ಅರಣ್ಯ ಇಲಾಖೆ ಸಹಾಯವಾಣಿ 1926. ಯಾರು ಫೋನ್ ಮಾಡುತ್ತೀರಿ?

ಮಹಡಿ ಮನೆ ಹುಡುಗ, 6:37
ಅಕ್ಕಾ, ಕ್ಷಮಿಸಿ. ರಾತ್ರಿ ಪಾಳಿ ಇತ್ತು, ಈಗ ಬಂದೆ. ಮಳೆಗೆ ಟಬ್ ತುಂಬಿ ಮೇಲಿನ ಜಾಳಿಗೆ ಸರಿದಿದೆ. ಆದರೆ ಇದು ನಮ್ಮ ನದಿಯ ಮೊಸಳೆ ಅಲ್ಲ. ಡ್ವಾರ್ಫ್ ಕೇಮನ್, ದಕ್ಷಿಣ ಅಮೆರಿಕದ ಕುಳ್ಳ ಜಾತಿ. ಇನ್ನೂ ಮರಿ, ಒಂದೂವರೆ ಅಡಿ. ಹೊರದೇಶದ ಪ್ರಾಣಿಗೆ ನಮ್ಮ ಕಾನೂನು ಬರುವುದಿಲ್ಲ ಅಂತ ಕೊಟ್ಟವರು ಹೇಳಿದ್ದರು.

ಮೂಲೆ ಮನೆ ಅಕ್ಕ, 6:39
ಕುಳ್ಳ ಇರಲಿ ಎತ್ತರ ಇರಲಿ, ಹಲ್ಲು ಇದೆ ಅಲ್ವಾ?

ಕಿರಾಣಿ ಅಣ್ಣ, 6:43
ರೊಟ್ಟಿ ಬುಟ್ಟಿಯಲ್ಲಿ ಇದೆಯಲ್ಲ, ಶೇಂಗಾ ಚಟ್ನಿ ಕೊಡಿ 😄

ಮೂಲೆ ಮನೆ ಅಕ್ಕ, 6:44
ಅಣ್ಣಾ, ನಗುವ ಹೊತ್ತಲ್ಲ ಇದು.

ಎದುರು ಸಾಲಿನ ಟೀಚರ್, 6:55
ತಮ್ಮಾ, ಕಾನೂನು ಬರುವುದಿಲ್ಲ ಅಂದವರು ನಿನಗೆ ಸುಳ್ಳು ಹೇಳಿದ್ದಾರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ, ಅದರ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳು ಈಗ ನಾಲ್ಕನೇ ಅನುಸೂಚಿಯಲ್ಲಿವೆ. ಮೊಸಳೆ ಕುಲವೆಲ್ಲ ಆ ಪಟ್ಟಿಯಲ್ಲಿದೆ, ಕೇಮನ್ ಕೂಡ. ಇಟ್ಟುಕೊಂಡವರು ನೋಂದಾಯಿಸಬೇಕು. ಅದಕ್ಕೆಂದೇ 2024ರ ಫೆಬ್ರವರಿಯಲ್ಲಿ ನಿಯಮ ಬಂತು, ಆಗಲೇ ಸಾಕಿಕೊಂಡಿದ್ದ ಪ್ರಾಣಿಗಳನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲು ಆರು ತಿಂಗಳು ಗಡುವು ಕೊಟ್ಟಿದ್ದರು. ನೀನು ಮಾಡಿಸಿದ್ದೀಯಾ?

ಮಹಡಿ ಮನೆ ಹುಡುಗ, 7:02
ಇಲ್ಲ ಟೀಚರ್.

ಬೇವಿನ ಮರದ ಮನೆ ಕಾಕಾ, 7:03
ನೋಡಿದಿರಾ! ಪೊಲೀಸರನ್ನು ಕರೆಯಿರಿ. ಮಾಲೀಕರನ್ನೂ ಕರೆಯಿರಿ. ಈ ಗ್ರೂಪಿನಲ್ಲಿ ಆ ಮನೆಗೆ ಬಾಡಿಗೆಯವರನ್ನು ತೋರಿಸಿದವರು ಯಾರು ಅಂತ ನನಗೆ ಗೊತ್ತು, ಹೆಸರು ಹೇಳುವುದಿಲ್ಲ.

ಕಿರಾಣಿ ಅಣ್ಣ, 7:05
ಕಾಕಾ, ನನ್ನ ಕಡೆ ಬೆರಳು ಯಾಕೆ? ಅಂಗಡಿಗೆ ಬಂದು ಮನೆ ಇದೆಯಾ ಅಂದರು, ಇದೆ ಅಂದೆ. ಮೊಸಳೆ ತರುತ್ತೀರಾ ಅಂತ ಯಾರಾದರೂ ಕೇಳುತ್ತಾರಾ?

ಪಶುವೈದ್ಯ ಸರ್, 7:20
ಈಗಷ್ಟೇ ಹೋಗಿ ನೋಡಿ ಬಂದೆ. ಬುಟ್ಟಿಯನ್ನು ಎರಡು ಬೆರಳಷ್ಟು ಎತ್ತಿ ಟಾರ್ಚ್ ಹಾಕಿದೆ. ನನಗೆ ಬೇಸರವಾಯಿತು, ಸ್ವಲ್ಪ ಉದ್ದ ಬರೆಯುತ್ತೇನೆ. ಕಂದು ತಲೆ, ಕಣ್ಣಿನ ರೆಪ್ಪೆ ಮೇಲೆ ಎಲುಬಿನ ಹೊದಿಕೆ, ಹೌದು ಕುಳ್ಳ ಕೇಮನ್ ಮರಿಯೇ. ಕೆಳದವಡೆ ಒಂದು ಕಡೆ ವಾಲಿದೆ. ಏನು ಹಾಕುತ್ತೀ ಎಂದು ಹುಡುಗನನ್ನು ಕೇಳಿದೆ, ಕೋಳಿಯ ಲಿವರ್ ಮತ್ತು ಎಲುಬು ತೆಗೆದ ಚಿಕನ್ ಅಂದ. ಪ್ರೀತಿಯಿಂದಲೇ ಹಾಕಿದ್ದಾನೆ, ಅದೇ ತಪ್ಪು. ಅದು ಕಾಡಿನ ಹಳ್ಳದಲ್ಲಿ ಮೀನು, ಏಡಿ, ಹುಳ ಹಿಡಿದು ಎಲುಬು ಚಿಪ್ಪು ಸಮೇತ ನುಂಗುವ ಪ್ರಾಣಿ. ಬರೀ ಮಾಂಸ ಹಾಕಿ ಬಿಸಿಲು ತಪ್ಪಿಸಿದರೆ ಸುಣ್ಣದಂಶ ಕಡಿಮೆಯಾಗಿ ಎಲುಬು ಮೆತ್ತಗಾಗುತ್ತದೆ. ಅಮೆಜಾನ್, ಒರಿನೋಕೊ ಕಡೆಯ ಹಳ್ಳಗಳದ್ದು ಇದು, ಹಗಲು ಬಿಲದಲ್ಲಿ, ರಾತ್ರಿ ಬೇಟೆ. ಇಲ್ಲಿ ಬಟ್ಟೆ ನೆನೆಸುವ ನೀಲಿ ಟಬ್‌ನಲ್ಲಿ ತಿರುಗಲು ಜಾಗವಿಲ್ಲದೆ ಮೂಗು ಉಜ್ಜಿ ಉಜ್ಜಿ ತುದಿ ಕೆಂಪಾಗಿದೆ. ಕುಳ್ಳ ಅಂದರೆ ಕೈಯಲ್ಲಿ ಹಿಡಿಯುವಷ್ಟು ಅಂತ ತಿಳಿಯಬೇಡಿ, ಗಂಡು ಐದು ಅಡಿ ಹತ್ತಿರ ಬರುತ್ತದೆ, ದಶಕಗಳ ಕಾಲ ಬದುಕುತ್ತದೆ. ನಮ್ಮ ಡಿಸೆಂಬರ್ ಚಳಿಗೆ ತಿಂದದ್ದೂ ಅರಗುವುದಿಲ್ಲ. ಇನ್ನೊಂದು ಮಾತು, ಇದರ ಮೈಮೇಲೆ, ಟಬ್ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ಆ ತೊಟ್ಟಿ ನೀರು ಚೆಲ್ಲಿ ತಿಕ್ಕಿ ತೊಳೆಯಿರಿ, ಮಗುವಿನ ಕೈ ಸೋಪಿನಿಂದ ತೊಳೆಯಿರಿ.

ಮೂಲೆ ಮನೆ ಅಕ್ಕ, 7:31
ತೊಟ್ಟಿ ಪೂರ್ತಿ ಚೆಲ್ಲಿದೆ ಸರ್. ನಾಲ್ಕು ದಿನಕ್ಕೆ ಬಂದ ನಳದ ನೀರು ಅದು. ರಾತ್ರಿ ಕೊಲ್ಲಬೇಕು ಅನ್ನಿಸಿತ್ತು, ನಿಜ ಹೇಳುತ್ತೇನೆ. ಬೆಳಕಲ್ಲಿ ಆ ವಾಲಿದ ಬಾಯಿ ನೋಡಿದ ಮೇಲೆ ಕರುಳು ಚುರ್ ಎಂದಿತು. ಆದರೂ ಇಲ್ಲಿ ಇರಕೂಡದು. ಇವತ್ತೇ ಹೋಗಬೇಕು.

ಪಾರ್ಕ್ ಎದುರಿನ ಮನೆ, 7:40
ಘಟಪ್ರಭಾಕ್ಕೋ ಹಿನ್ನೀರಿಗೋ ಬಿಟ್ಟು ಬಂದರಾಯ್ತು. ನನ್ನ ಟಂಟಂ ಇದೆ, ಅರ್ಧ ಗಂಟೆ ಕೆಲಸ.

ಪಶುವೈದ್ಯ ಸರ್, 7:42
ದಯವಿಟ್ಟು ಬೇಡ. ಕೃಷ್ಣೆಯಲ್ಲಿ ನಮ್ಮ ಮೊಸಳೆಗಳೇ ಇವೆ, ಹತ್ತು ಅಡಿ ಮೀರಿದವು. ಇದನ್ನು ಒಂದೇ ತುತ್ತು ಮಾಡುತ್ತವೆ. ಬದುಕಿದರೂ ಹೊರಗಿನ ರೋಗ ನದಿಗೆ ತಂದಂತೆ.

ಪಾರ್ಕ್ ಎದುರಿನ ಮನೆ, 7:55
[ಹಲವು ಬಾರಿ ಫಾರ್ವರ್ಡ್ ಆಗಿದೆ] ಬ್ರೇಕಿಂಗ್!! ನವನಗರದಲ್ಲಿ ಮನೆ ಮೇಲೆ ಮೊಸಳೆ!! ವಿಡಿಯೋ ನೋಡಿ, ಎಲ್ಲರಿಗೂ ಕಳಿಸಿ.

ಎದುರು ಸಾಲಿನ ಟೀಚರ್, 7:58
ಇದು 2019ರ ಆಗಸ್ಟ್ ಮಹಾಪೂರದ ವಿಡಿಯೋ. ರಾಯಬಾಗ ತಾಲ್ಲೂಕಿನದ್ದು. ದಯವಿಟ್ಟು ಅಳಿಸಿ. ಮಕ್ಕಳು ಹೆದರುತ್ತಾರೆ. ಹತ್ತು ಗಂಟೆಗೆ ಅರಣ್ಯ ಕಚೇರಿಗೆ ಹೋಗೋಣ. ನಾನು, ಅಕ್ಕ, ಡಾಕ್ಟರ್ ಸರ್. ಹುಡುಗನೂ ಬರಲಿ, ತಾನಾಗಿ ಒಪ್ಪಿಸಿದರೆ ಒಳ್ಳೆಯದು. ಇನ್ನಿಬ್ಬರು ಸಹಿಗೆ ಬೇಕು.

ಬೇವಿನ ಮರದ ಮನೆ ಕಾಕಾ, 8:06
ಸಹಿ ಮಾಡುವ ಮುಂಚೆ ನನ್ನ ಪ್ರಶ್ನೆಗೆ ಉತ್ತರ ಕೊಡಿ. ಆ ಮನೆಯ ಹಿತ್ತಿಲಿಂದ ಮೂಲೆ ಮನೆಗೆ ಅದು ಹೇಗೆ ಬಂತು? ಗೋಡೆ ಹತ್ತಿ ಬಂತಾ? ಇಲ್ಲ. ಗಟಾರದಲ್ಲಿ ಬಂತು. ಮೂರು ವರ್ಷದಿಂದ ಗಟಾರ ಮುಚ್ಚಿಸಿ ಅಂತ ಬಾಯಿ ಬಡಿದುಕೊಂಡಿದ್ದೇನೆ. ಇವತ್ತು ಮೊಸಳೆ, ನಾಳೆ ಹಾವು. ಕಳೆದ ಮಳೆಗಾಲದಲ್ಲಿ ಕರು ಬಿದ್ದಿತ್ತು, ನೆನಪಿದೆಯಾ?

ಕಿರಾಣಿ ಅಣ್ಣ, 8:11
ಈ ಮಾತಿಗೆ ನಾನು ಕಾಕಾ ಜೊತೆ. ಅಂಗಡಿ ಮುಂದೆಯೂ ಹಾಸುಗಲ್ಲು ಒಡೆದಿದೆ.

ಪಾರ್ಕ್ ಎದುರಿನ ಮನೆ, 8:14
ಇಳಕಲ್ ಕಡೆಯಿಂದ ಕಲ್ಲು ತರಿಸಬಹುದು. ನನ್ನ ಭಾವನ ಲಾರಿ ಇದೆ.

ಬೇವಿನ ಮರದ ಮನೆ ಕಾಕಾ, 8:15
ಮನೆಗೆ ಎಂಟು ನೂರು. ಪಟ್ಟಿ ನಾನೇ ಮಾಡುತ್ತೇನೆ. ಮಹಡಿ ಮನೆಯವರು ಎರಡು ಪಾಲು ಕೊಡಬೇಕು.

ಮಹಡಿ ಮನೆ ಹುಡುಗ, 8:16
ಕೊಡುತ್ತೇನೆ ಕಾಕಾ.

ಎದುರು ಸಾಲಿನ ಟೀಚರ್, 9:50
ನಾನು ಗೇಟ್ ಹತ್ತಿರ ನಿಂತಿದ್ದೇನೆ. ಯಾರು ಬರುತ್ತಿದ್ದೀರಿ?

ಪಶುವೈದ್ಯ ಸರ್, 10:05
ಟೀಚರ್, ಲೋಕಾಪುರದಿಂದ ಕರೆ ಬಂತು, ಎಮ್ಮೆ ಕರು ಹಾಕಲು ಕಷ್ಟಪಡುತ್ತಿದೆಯಂತೆ. ಸಂಜೆ ಸಿಗುತ್ತೇನೆ.

ಕಿರಾಣಿ ಅಣ್ಣ, 1:20
ಇಲ್ಲಿಯವರೆಗೆ ಹನ್ನೊಂದು ಮನೆಯ ದುಡ್ಡು ಬಂದಿದೆ 🙏

ಮೂಲೆ ಮನೆ ಅಕ್ಕ, ರಾತ್ರಿ 9:12
ನನ್ನ ಬುಟ್ಟಿ ತೊಳೆದು ಬಾಗಿಲಲ್ಲಿ ಇಟ್ಟು ಹೋಗಿದ್ದಾರೆ. ಪ್ರಾಣಿಯನ್ನು ಎಲ್ಲಿ ಇಟ್ಟಿದ್ದಾರೆ? ಮಗ ಮೂರು ಸಲ ಕೇಳಿದ.

ಬೇವಿನ ಮರದ ಮನೆ ಕಾಕಾ, ರಾತ್ರಿ 9:15
ನಾಳೆ ಬೆಳಿಗ್ಗೆ ಎಂಟಕ್ಕೆ ಕಲ್ಲಿನ ಲಾರಿ ಬರುತ್ತದೆ. ಗಾಡಿಗಳನ್ನೆಲ್ಲ ಪಾರ್ಕ್ ಕಡೆ ನಿಲ್ಲಿಸಿ.