ಒಂದೇ ಕ್ಯಾನ್ವಾಸ್, ಇಬ್ಬರು ಕಲಾವಿದರು: ಅಕ್ರಿಲಿಕ್ ಮೊದಲೋ, ಆಯಿಲ್ ಮೊದಲೋ?

ಪ್ರಶ್ನೆ: ಮೂರು ವಾರದ ರೆಸಿಡೆನ್ಸಿ (ಕಲಾವಿದರು ಒಂದೆಡೆ ಉಳಿದು ಕೆಲಸ ಮಾಡುವ ಶಿಬಿರ). 6×4 ಅಡಿ ಕ್ಯಾನ್ವಾಸ್ ಮೇಲೆ ಇಬ್ಬರ ಕೆಲಸ. ನನ್ನದು ಅಕ್ರಿಲಿಕ್ (ನೀರಿನಲ್ಲಿ ಬೆರೆಯುವ ಬಣ್ಣ), ಗೆಳತಿಯದು ಆಯಿಲ್ (ಎಣ್ಣೆ ಬಣ್ಣ). ದಿನ ಬಿಟ್ಟು ದಿನ ಸರದಿಯಲ್ಲಿ ಬಳಿಯಬಹುದೇ?

ಉತ್ತರ 1: ಖಂಡಿತ ಬೇಡ ಮೇಡಂ. ಅಕ್ರಿಲಿಕ್ ಕೆಳಗೆ, ಆಯಿಲ್ ಮೇಲೆ. ಉಲ್ಟಾ ಮಾಡಿದರೆ ಅಕ್ರಿಲಿಕ್ ಎಣ್ಣೆಯ ಪದರಕ್ಕೆ ಕಚ್ಚಿಕೊಳ್ಳದೆ ಸಿಪ್ಪೆಯ ಹಾಗೆ ಏಳುತ್ತದೆ. ಮೊದಲು ಜೆಸ್ಸೋ (ಬಣ್ಣಕ್ಕೂ ಮುಂಚೆ ಬಳಿಯುವ ಬಿಳಿ ತಳಲೇಪ) ಎರಡು ಕೋಟ್ ಕೊಟ್ಟು 220 ನಂಬರ್ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ಮೊದಲ ವಾರ ನಿಮ್ಮದು: ತೆಳುವಾಗಿ, ಹೊಳಪಿಲ್ಲದಂತೆ ಮ್ಯಾಟ್ ಆಗಿ ಬಳಿಯಿರಿ. ಹೊಳಪು ಕೊಡುವ ಮೀಡಿಯಂ (ಬಣ್ಣಕ್ಕೆ ಬೆರೆಸುವ ದ್ರವ) ಹಾಕಿ ನುಣುಪಾದ ಮೇಲ್ಮೈಯಲ್ಲಿ ಆಯಿಲ್‌ಗೆ ಹಿಡಿತ ಸಿಗುವುದಿಲ್ಲ. ಆಮೇಲೆ ಕನಿಷ್ಠ 3 ದಿನ ಒಣಗಲು ಬಿಡಿ.

ಉತ್ತರ 2: ಆ 3 ದಿನದಲ್ಲಿ ಗೆಳತಿ ಅದೇ ಅಳತೆಯ ಕಂದು ಕಾಗದದ ಮೇಲೆ ತಮ್ಮ ಭಾಗದ ರೇಖಾಚಿತ್ರ ಮುಗಿಸಲಿ. ಆಮೇಲೆ ಅವರ ಆಯಿಲ್ ಬಣ್ಣಕ್ಕೆ ಬರೀ ಅಗಸೆ ಎಣ್ಣೆ ಬೆರೆಸಿದರೆ ಒಣಗಲು ವಾರವೇ ಹಿಡಿಯಬಹುದು. ಆಲ್ಕಿಡ್ ಮೀಡಿಯಂ (ಎಣ್ಣೆ ಬಣ್ಣವನ್ನು ಬೇಗ ಒಣಗಿಸುವ ರಾಳದ ದ್ರವ) ಬೆರೆಸಿದ ತೆಳು ಪದರ ಸುಮಾರು ಒಂದು ದಿನದಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ. ಮಳೆಗಾಲದಲ್ಲಿ ಇನ್ನೂ ತಡ. ಪ್ರತಿ ಮೇಲಿನ ಪದರದಲ್ಲೂ ಎಣ್ಣೆಯ ಅಂಶ ಕೊಂಚ ಹೆಚ್ಚಿರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಮುಗಿದ ಕೂಡಲೇ ಸುರುಳಿ ಸುತ್ತಲೇಬೇಡಿ, ಫ್ರೇಮಿನಲ್ಲೇ ಸಾಗಿಸಿ.

ಉತ್ತರ 3: ಕುಂಚ ಹಿಡಿಯುವ ಮೊದಲೇ ಬರೆದಿಟ್ಟುಕೊಳ್ಳಿ: ಮಾರಿದರೆ ಯಾರಿಗೆಷ್ಟು, ಮಾರದಿದ್ದರೆ ಯಾರ ಮನೆಯಲ್ಲಿ. ಹಿಂಬದಿಯಲ್ಲಿ ಇಬ್ಬರ ಸಹಿ, ಪದರಗಳ ಕ್ರಮ, ದಿನಾಂಕ ಇರಲಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಇಂಥ ಜಂಟಿ ಕೃತಿಯ ಹಕ್ಕು ಇಬ್ಬರಲ್ಲಿ ಕೊನೆಯವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮಕ್ಕಳ ಕಾಲಕ್ಕೆ ಈ ಕಾಗದವೇ ಆಧಾರ.