ಚಳಿ ಬಂದಮೇಲೆ ಮಸ್ಕಿ ಮೀನು ಕಚ್ಚುತ್ತೆ, ಗಾಳಕ್ಕೆ ನಿಲ್ಲಲ್ಲ: ಮೂರನೆಯದೂ ಹೋಯ್ತು, ಯಾರಾದ್ರೂ ಹೇಳಿ

ತುಂಗೆತೀರ:
ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಕೆರೆ. ಎರಡು ವಾರಾಂತ್ಯದಲ್ಲಿ ಮೂರು ಮೀನು ಹೊಡೆದವು, ಮೂರೂ ಕೈತಪ್ಪಿದವು. ನಿನ್ನೆಯದು 50 ಇಂಚಿಗೆ ಕಮ್ಮಿ ಇರಲಿಲ್ಲ. ದೋಣಿ ಪಕ್ಕ ನೀರಲ್ಲಿ ಲ್ಯೂರ್ (ನಕಲಿ ಮೀನು) ಎಳೀತಾ 8ರ ಆಕಾರ ಬರೀತಿದ್ದೆ, ಕಣ್ಣೆದುರೇ ಬಾಯಿ ಹಾಕ್ತು. ಜೋರಾಗಿ ಎಳೆದೆ, ಒಂದು ಕ್ಷಣ ಭಾರ ಸಿಕ್ತು, ಆಮೇಲೆ ದಾರ ಸಡಿಲ. ಜೂನ್‌ನಿಂದ ಇದೇ ಸೆಟಪ್, ಆಗ ಈ ತೊಂದ್ರೆ ಇರಲಿಲ್ಲ. ನೀರು 39 ಡಿಗ್ರಿ ಫ್ಯಾರನ್‌ಹೀಟ್, ಹವೆ 20ರ ಆಸುಪಾಸು. ಡಿಸೆಂಬರ್ 1ಕ್ಕೆ ಸೀಸನ್ ಮುಗಿಯುತ್ತೆ. ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಮೀನು ಬರುತ್ತೆ.

ಗಾಳದಗಿರಿ:
ಗಾಳ ಮೊಂಡಾಗಿದೆ. ಉಗುರಿನ ಮೇಲಿಟ್ಟು ಎಳೆದು ನೋಡಿ, ಜಾರಿದ್ರೆ ಅರ ಹಾಕಿ. ಮಸ್ಕಿ ಬಾಯಿ ಪೂರಾ ಮೂಳೆ.

ತುಂಗೆತೀರ:
ಗಾಳ ಎಲ್ಲ ಹೊಸವು ಸರ್.

ಗಾಳದಗಿರಿ:
ಹೊಸದು ಅಂದ್ರೆ ಚೂಪು ಅಂತಲ್ಲ. ಅಂಗಡಿಯಿಂದ ತಂದದ್ದಕ್ಕೂ ನಾನು ಅರ ಹಾಕ್ತೀನಿ.

ಹಿಮದೂರು:
ರಾಡ್, ರೀಲ್, ದಾರ ಯಾವುದು ಅಂತ ಬರೆದೇ ಇಲ್ಲವಲ್ಲ?

ತುಂಗೆತೀರ:
9 ಅಡಿ ರಾಡ್, 400 ಸೈಜಿನ ರೀಲ್, 80 ಪೌಂಡ್ ಬ್ರೇಡ್ (ಹೆಣೆದ ದಾರ), ಅದರ ತುದಿಗೆ 130 ಪೌಂಡ್ ಫ್ಲೋರೋ ಲೀಡರ್. ಎಲ್ಲರೂ ಬಳಸೋದೇ ತಾನೆ.

ಮ್ಯಾಡಿಸನ್_ಮಂಜ:
ಟರ್ನೋವರ್ ಆಗಿ ಕೆರೆಯ ಮೇಲಿನ ನೀರು, ತಳದ ನೀರು ಬೆರೆತಮೇಲೆ ಮೀನು ಮಂಕಾಗುತ್ತೆ, ಬರೀ ಮೂತಿ ತಾಗಿಸಿ ಹೋಗುತ್ತೆ. ಲ್ಯೂರ್ ಬಿಟ್ಟು ಜೀವಂತ ಸಕರ್ ಮೀನು ಹಾಕಿ, ಒಂದು ರಾಡ್‌ನಲ್ಲಿ ಎಸೀತಾ ಇನ್ನೊಂದರಲ್ಲಿ ಸಕರ್ ಎಳೀರಿ.

ಹಿಮದೂರು:
ಅದು ನಿಮ್ಮ ವಿಸ್ಕಾನ್ಸಿನ್ ಕಾನೂನು, ಮೂರು ದಾರ ಬಿಡಬಹುದು. ಇಲ್ಲಿ ಮಿನ್ನೆಸೋಟದ ತೆರೆದ ನೀರಲ್ಲಿ ಒಬ್ಬರಿಗೆ ಒಂದೇ. ಅವರಿಗೆ ದಂಡ ಕಟ್ಟಿಸ್ತೀರಾ? ಇನ್ನು ಟರ್ನೋವರ್ ಮಾತು: ಮಿಲ್ ಲ್ಯಾಕ್ಸ್ ಅತಿ ಆಳದ ಜಾಗವೇ 42 ಅಡಿ. ಅಷ್ಟು ಅಗಲದ ಕೆರೆಯನ್ನ ಗಾಳಿ ಬೇಸಿಗೆಯಲ್ಲೂ ಕಲಕುತ್ತೆ. ಈಗ ತುಲಿಬೀ ಮೀನು ಮೊಟ್ಟೆ ಇಡೋಕೆ ಕಲ್ಲುದಿಬ್ಬಕ್ಕೆ ಬರ್ತವೆ, ಮಸ್ಕಿ ಅವುಗಳ ಹಿಂದೆ. ಮಂಕು ಮೀನಲ್ಲ ಅವು, ತಿನ್ನೋಕೇ ಬಂದಿರೋವು.

ಮ್ಯಾಡಿಸನ್_ಮಂಜ:
ದಂಡದ ಮಾತು ಯಾಕೆ ಗುರು, ಸಹಾಯಕ್ಕೆ ಹೇಳಿದ್ದು. ಸಕರ್ ಹಾಕೋದಾದ್ರೆ ಕಚ್ಚಿದ ತಕ್ಷಣ ಎಳೆಯೋ ಕ್ವಿಕ್ ಸ್ಟ್ರೈಕ್ ರಿಗ್‌ನಲ್ಲೇ ಹಾಕಿ, ನುಂಗೋಕೆ ಬಿಡಬೇಡಿ, ಮೀನು ಸಾಯುತ್ತೆ.

ಗಾಳದಗಿರಿ:
ಗಾಳಕ್ಕೆ ಅರ ಹಾಕಿ ನೋಡಿದ್ರಾ?

ಕಡಲಮಗ_ಮಲ್ಪೆ:
ಒಂದು ವಿಷಯ ಕೇಳ್ಲಾ ತುಂಗೆತೀರ ಅವರೇ. ಎಳೆದಾಗ ರೀಲ್ ಹ್ಯಾಂಡಲ್ ಹಿಂದಕ್ಕೆ ತಿರುಗ್ತಾ?

ತುಂಗೆತೀರ:
ಹೌದು, ಕಾಲು ಸುತ್ತು ಹಿಂದೆ ಹೋಗಿ ಟಕ್ ಅಂತ ನಿಲ್ಲುತ್ತೆ. ದಪ್ಪ ಗ್ಲೌಸಿಗೆ ಕೈ ಜಾರ್ತಿದೆ ಅಂದ್ಕೊಂಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕಡಲಮಗ_ಮಲ್ಪೆ:
ರೀಲ್ ಯಾವಾಗ ಬಿಚ್ಚಿದ್ರಿ?

ತುಂಗೆತೀರ:
ಅಕ್ಟೋಬರ್ ಕೊನೆಗೆ. ಚಳಿಗಾಲಕ್ಕೆ ಅಂತ ಒಳಗೆಲ್ಲ ಚೆನ್ನಾಗಿ ಗ್ರೀಸ್ ತುಂಬಿದೆ.

ಕಡಲಮಗ_ಮಲ್ಪೆ:
ಇದನ್ನ ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಹ್ಯಾಂಡಲ್ ಬುಡದಲ್ಲಿ ಆಂಟಿ ರಿವರ್ಸ್ ಬೇರಿಂಗ್ ಇದೆ. ಒಳಗೆ ಸಣ್ಣ ರೋಲರ್‌ಗಳು, ಅವನ್ನ ಒತ್ತೋಕೆ ಕೂದಲಷ್ಟು ಬಲದ ಸ್ಪ್ರಿಂಗ್. ಹಿಂದಕ್ಕೆ ತಿರುಗಿದ ತಕ್ಷಣ ರೋಲರ್ ಸಿಕ್ಕಿಕೊಳ್ಳಬೇಕು. ಗ್ರೀಸ್ ಚಳಿಗೆ ಮೇಣದ ಹಾಗೆ ಗಟ್ಟಿಯಾದ್ರೆ ಸ್ಪ್ರಿಂಗ್‌ಗೆ ತಳ್ಳೋಕಾಗಲ್ಲ. ಆ ಟಕ್ ಅನ್ನೋದು ಒಳಗಿನ ಹಲ್ಲುಚಕ್ರ ಹಿಡಿದದ್ದು, ಅದೂ ಇಲ್ಲದಿದ್ರೆ ಪೂರ್ತಿ ತಿರುಗ್ತಿತ್ತು. ನಿಮ್ಮ ಎಳೆತದ ಬಲ ಎಲ್ಲ ಆ ಕಾಲು ಸುತ್ತಲ್ಲೇ ಹೋಗ್ತಿದೆ. ಬೆಚ್ಚಗಿನ ಮನೇಲಿ ನೋಡಿದ್ರೆ ಗೊತ್ತಾಗಲ್ಲ. ಫ್ರಿಜ್‌ನ ಫ್ರೀಜರಲ್ಲಿ ಒಂದು ಗಂಟೆ ಇಟ್ಟು ತಿರುಗಿಸಿ. ಆಮೇಲೆ ಬೇರಿಂಗ್ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ, ತೆಳು ಎಣ್ಣೆ ಒಂದೇ ಹನಿ. ಗೇರಿಗೆ ಗ್ರೀಸ್ ಇರಲಿ, ಇದಕ್ಕೆ ಬೇಡವೇ ಬೇಡ.

ಗಾಳದಗಿರಿ:
ಇದ್ರೂ ಇರಬಹುದು. ಗಾಳ ಚೂಪಾಗಿದ್ದಿದ್ರೆ ಕಾಲು ಸುತ್ತಲ್ಲೂ ಚುಚ್ತಿತ್ತು.

ಹಿಮದೂರು:
ನಾನು ಇಂಥ ಚಳೀಲಿ ಹಳೆಯ ದುಂಡು ಅಂಬಾಸಡರ್ ರೀಲನ್ನೇ ಒಯ್ಯೋದು. 9 ಅಡಿ 6 ಇಂಚಿನ ರಾಡ್, 100 ಪೌಂಡ್ ಬ್ರೇಡ್, ದೋಣೀಲಿ ಪ್ರೊಪೇನ್ ಹೀಟರ್, ಬ್ಯಾಟರಿ ಗ್ಲೌಸ್. ಹೋದ ವರ್ಷ ಇದೇ ದಿಬ್ಬದಲ್ಲಿ ಬುಲ್ ಡಾಗ್ ಲ್ಯೂರ್‌ಗೆ 52 ಇಂಚಿನ ಮಸ್ಕಿ. ಮಗ ತೆಗೆದ ಫೋಟೋ ಹಾಕಿದ್ದೀನಿ ನೋಡಿ.

ಕಡಲಮಗ_ಮಲ್ಪೆ:
ಮೀನು ಚೆಂದ. ಆದ್ರೆ 20 ಡಿಗ್ರೀಲಿ ಎತ್ತಿ ಹಿಡಿದು ನಿಂತಿದ್ದೀರಲ್ಲ, ಕಿವಿರು, ಕಣ್ಣು ಹೆಪ್ಪುಗಟ್ಟುತ್ತೆ. ಗಾಳ ಬಿಡಿಸೋದೂ ಬಲೆಯೊಳಗೆ, ನೀರಲ್ಲೇ ಆಗಲಿ.

ಹಿಮದೂರು:
ಐದೇ ಸೆಕೆಂಡ್ ಎತ್ತಿದ್ದು. ಈಜಿಕೊಂಡು ಹೋಯ್ತು.

ಕಡಲಮಗ_ಮಲ್ಪೆ:
ಈಜಿಕೊಂಡು ಹೋದದ್ದು ಬದುಕ್ತು ಅಂತ ಹೇಳೋಕಾಗಲ್ಲ ಸರ್. ಇಲ್ಲಿ ಇಟ್ಟುಕೊಳ್ಳೋಕೆ 54 ಇಂಚು ಆಗಬೇಕು ಅಂತ ಮಿತಿ ಇರೋದೇ ದೊಡ್ಡವು ಉಳೀಲಿ ಅಂತ.

ತುಂಗೆತೀರ:
ಫ್ರೀಜರಿಂದ ತೆಗೆದೆ. ಒಂದೇ ಬೆರಳಲ್ಲಿ ಹ್ಯಾಂಡಲ್ ಹಿಂದಕ್ಕೆ ತಿರುಗ್ತು! ಬೇರಿಂಗ್ ತೊಳೆದು ಮತ್ತೆ ಒಂದು ಗಂಟೆ ಇಟ್ಟೆ, ಈಗ ಕಲ್ಲಿನ ಹಾಗೆ ನಿಲ್ಲುತ್ತೆ. ಮಲ್ಪೆಯವರೇ, ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಗಿರಿ ಸರ್, ಗಾಳಕ್ಕೂ ಅರ ಹಾಕಿದೆ, ಎರಡು ಗಾಳ ಉಗುರಿನ ಮೇಲೆ ಜಾರ್ತಿದ್ದವು. ಶನಿವಾರ ಬೆಳಗಿನ ಜಾವ ಹೊರಡ್ತೀನಿ. ಗ್ಯಾರಿಸನ್ ಕಡೆ ದೋಣಿ ಇಳಿಸೋ ಜಾಗದಲ್ಲಿ ದಡಕ್ಕೆ ಐಸ್ ಕಟ್ಟಿದೆಯಾ? ಈ ವಾರ ಆ ಕಡೆ ಹೋದವರು ಯಾರಾದ್ರೂ ಇದ್ದೀರಾ?