ಮಕ್ಕಳ ಡಾಕ್ಟರಿಗೆ ಕೇಳಿ: ರಾಯಚೂರು ಜಿಲ್ಲೆಯ ಗುಂಪಿನ ಭಾನುವಾರದ ಪ್ರಶ್ನೋತ್ತರ

ಅಂಗನವಾಡಿ ಕಾರ್ಯಕರ್ತೆ, ಮಾನ್ವಿ ತಾಲೂಕು: ನಮಸ್ಕಾರ ಡಾಕ್ಟ್ರೇ. ಒಂದೂವರೆ ವರ್ಷದ ಗಂಡುಮಗು. ತೋಳಿನ ಸುತ್ತಳತೆ 11.8 ಸೆಂ.ಮೀ., ಅಳತೆ ಪಟ್ಟಿಯಲ್ಲಿ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. ಪಾದ ಊದಿವೆ. ಅಜ್ಜಿ ‘ಮೈ ತುಂಬ್ಕೊಂಡಿದೆ’ ಅನ್ನುತ್ತಾರೆ. ಅಪ್ಪ ಅಮ್ಮ ನಾಡಿದ್ದು ಮಗು ಕರ್ಕೊಂಡು ಬೆಂಗಳೂರಿಗೆ ದುಡಿಯಲು ಹೊರಟಿದ್ದಾರೆ. ನಾನು ತಡೆಯಬಹುದಾ?

ಡಾಕ್ಟರ್: ಮೊದಲು ಪಾದ ನೋಡಿ. ಎರಡರ ಮೇಲೂ ಹೆಬ್ಬೆರಳಿಟ್ಟು ಮೂರು ಸೆಕೆಂಡ್ ಒತ್ತಿ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ಆಗ ಪಟ್ಟಿ ಹಳದಿ ತೋರಿಸಿದರೂ ಅದು ತೀವ್ರ ಅಪೌಷ್ಟಿಕತೆಯೇ. ಅಳತೆ 11.5ಕ್ಕಿಂತ ಇಳಿದು ಕೆಂಪಿಗೆ ಬರಲಿ ಅಂತ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕಳಿಸಿ. ಮಗುವನ್ನು ಬೆಚ್ಚಗಿಡಿ. ಎದೆಹಾಲು ನಿಲ್ಲಿಸಬೇಡಿ. ಒಮ್ಮೆಗೇ ಜಾಸ್ತಿ ತಿನ್ನಿಸಬೇಡಿ.

ಇನ್ನು ತಡೆಯುವ ಮಾತು. ರೇಷನ್ ಕಾರ್ಡ್ ಹೋಗುತ್ತೆ ಅಂತೆಲ್ಲ ಹೆದರಿಸಬೇಡಿ. ಎನ್‌ಆರ್‌ಸಿಯಲ್ಲಿ, ಅಂದರೆ ಆಸ್ಪತ್ರೆಯ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ, ಸುಮಾರು 14 ದಿನ ಇರಬೇಕು. ಅಷ್ಟು ದಿನ ಕೂಲಿ ಬಿಟ್ಟರೆ ಮನೆಯಲ್ಲಿ ಉಳಿದವರು ಏನು ತಿನ್ನಬೇಕು ಅಂತ ಆ ತಾಯಿ ಲೆಕ್ಕ ಹಾಕುತ್ತಿರುತ್ತಾಳೆ. ಅದು ಅಸಡ್ಡೆ ಅಲ್ಲ. ಅದಕ್ಕೇ ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಪರಿಹಾರ ಇಟ್ಟಿರುವುದು. ಅದು ಯಾರ ದಯೆಯೂ ಅಲ್ಲ, ಮಗುವಿನ ಚಿಕಿತ್ಸೆಯ ಭಾಗ. ಆ ಮಾತಿನಿಂದಲೇ ಶುರು ಮಾಡಿ.

ಸದಸ್ಯರು, ಲಿಂಗಸುಗೂರು: ಸರ್, ಶಾಲೆಯಲ್ಲಿ ಮೊಟ್ಟೆ ಬದಲು ಎಲ್ಲರಿಗೂ ಬಾಳೆಹಣ್ಣು ಕೊಟ್ಟರೆ ಸಾಲದಾ?

ಡಾಕ್ಟರ್: ಸಾಲದು. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ 1.

ಲಿಂಗಸುಗೂರು: ಮೊಟ್ಟೆ ತಿನ್ನದ ನಮ್ಮ ಮಕ್ಕಳು ಪಕ್ಕದಲ್ಲಿ ಕೂತು ನೋಡಬೇಕಾ?

ಒಬ್ಬ ತಾಯಿ, ಸಿಂಧನೂರು: ಅಣ್ಣಾ, 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಗೆ ಮೊಟ್ಟೆ ಬಂದಾಗಿನಿಂದ ಇದೇ ಮಾತು. ತಿನ್ನದವರಿಗೆ ಬಾಳೆಹಣ್ಣು ಇದೆ. ನಿಮ್ಮ ಮಗನ ತಟ್ಟೆಗೆ ಯಾರೂ ಮೊಟ್ಟೆ ಹಾಕಿಲ್ಲ. ನನ್ನ ಮಗಳ ತಟ್ಟೆಯಿಂದ ಯಾಕೆ ತೆಗೆಸುತ್ತೀರಿ?

ಲಿಂಗಸುಗೂರು: ಮನೆಯಲ್ಲೇ ತಿನ್ನಿಸಿ.

ಸಿಂಧನೂರು: ಮನೆಯಲ್ಲಿ ದಿನಾ ಆಗುವಂತಿದ್ದರೆ ಕೇಳುತ್ತಿರಲಿಲ್ಲ.

ಸದಸ್ಯೆ, ದೇವದುರ್ಗ: ನಮ್ಮ ಓಣಿಯಲ್ಲಿ 12 ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸುತ್ತಿದ್ದಾರೆ. ಯಾರಿಗೆ ಹೇಳಬೇಕು?

ಸದಸ್ಯರು, ಮಸ್ಕಿ: ಫಾರ್ವರ್ಡ್ ಬಂದಿದೆ. ಆರು ತಿಂಗಳ ಮಗುವಿಗೆ ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಿದರೆ ಶಕ್ತಿ ಬರುತ್ತಂತೆ. ನಿಜಾನಾ?

ಡಾಕ್ಟರ್: ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಮಗುವಿನ ನರ ಸೋಲಿಸಿ ಉಸಿರು ನಿಲ್ಲಿಸಬಹುದು. ಹೋದ ವಾರವೂ ಹೇಳಿದ್ದೆ. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಮಸ್ಕಿ: ನಮ್ಮಜ್ಜಿ ಎಲ್ಲರಿಗೂ ಕೊಟ್ಟಿದ್ದರು.

ಡಾಕ್ಟರ್: ಮೇಲೆ ಓದಿ.

ಲಿಂಗಸುಗೂರು: ಹಾಗಾದರೆ ಬಾಳೆಹಣ್ಣು ಎರಡು ಕೊಟ್ಟರೆ?

ಸಿಂಧನೂರು: ಸಾಕು ಮಾಡಿ ಅಣ್ಣಾ.

ಅಂಗನವಾಡಿ ಕಾರ್ಯಕರ್ತೆ, ಮಾನ್ವಿ ತಾಲೂಕು: ಡಾಕ್ಟ್ರೇ, ಗುಳಿ ಬಿತ್ತು. ಎರಡೂ ಪಾದದಲ್ಲಿ. 108ಕ್ಕೆ ಫೋನ್ ಮಾಡಿದ್ದೇನೆ. ತಾಯಿ ಒಪ್ಪಿದಳು, ಅಜ್ಜಿ ಬಿಡುತ್ತಿಲ್ಲ.

ಡಾಕ್ಟರ್: ಅಜ್ಜಿಯ ಕೈಗೆ ಫೋನ್ ಕೊಡಿ. ಈಗಲೇ ಮಾಡುತ್ತೇನೆ.